ರೇಷ್ಮಾಳಿಗಾಗಿ ನಾಲ್ಕು ಒಳ್ಳೆಯ ಮಾತು

ನನಗೊಂದು ಚಟವಿದೆ. ಯಾರ ಬಗ್ಗೆ ಯಾರು ಕೇಳಿದರೂ ಒಳ್ಳೆಯದನ್ನೇ ಹೇಳಿಬಿಡುವ ಚಟ. ತಂಬಾಕಿನ ಚಟವಾಗಿದ್ದರೆ ಡಾಕ್ಟರು ಬೈದು ಬಿಡಿಸುತ್ತಿದ್ದರು. ಇದನ್ನು ಬಿಡಿಸುವ ಡಾಕ್ಟರು ನಮ್ಮ ಇಂಡಿ ಊರಿನಲ್ಲಿ ಸಿಗುವುದಿಲ್ಲ, ಯಾಕೆಂದರೆ ಅವರಿಗೂ ಇದೇ ಚಟ. ನಮ್ಮ ಕಡೆ ಹುಡುಗ ಹುಡುಗಿಯರ ಲಗ್ನ ಕೂಡಿ ಬರುವ ಮೊದಲು ಬೀಗರ ಕಡೆಯವರು ಓಣಿಗೆ ಬಂದು ವಿಚಾರಿಸುವ ಪದ್ಧತಿ. ನೇರ ಮನೆಗೆ ಹೋಗುವುದಿಲ್ಲ, ಮೊದಲು ಹತ್ತಿರದ ಅಂಗಡಿಗೆ ಬರುತ್ತಾರೆ. ಚಹಾ ಕುಡಿಯುತ್ತಾರೆ, ಮಳೆ ಬೆಳೆ ಮಾತಾಡುತ್ತಾರೆ, ಆಮೇಲೆ ದನಿ ತಗ್ಗಿಸಿ "ಹುಡುಗ ಹೆಂಗದಾನ್ರೀ?" ಎನ್ನುತ್ತಾರೆ. ಹುಡುಗ ಆ ಕ್ಷಣಕ್ಕೆ ಎದುರಿನ ಪಾನ್ ಅಂಗಡಿಯಲ್ಲಿ ನಿಂತು ಅಪ್ಪನ ಹೆಸರಿಗೆ ಉದ್ರಿ ಬರೆಸುತ್ತಿದ್ದರೂ ನಾವು "ಬಂಗಾರದಂಥ ಹುಡುಗರಿ" ಎನ್ನಬೇಕು. ಇದರಲ್ಲಿ ಮೋಸವೇನಿಲ್ಲ. ಹೇಳುವವರು ಕೂಡಿಸಿ ಹೇಳುತ್ತೇವೆ, ಕೇಳುವವರು ಕಳೆದು ಕೇಳುತ್ತಾರೆ, ಲೆಕ್ಕ ಸರಿ ಹೋಗುತ್ತದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆದರೆ ಆ ಹಿರಿಯರಿಗೆ ಐರ್ಲೆಂಡ್ ದೇಶದ ಸಾಫ್ಟ್‌ವೇರ್ ಕಂಪನಿಯವರು ಇಂಡಿಗೆ ಫೋನ್ ಮಾಡುತ್ತಾರೆಂದು ಗೊತ್ತಿರಲಿಲ್ಲ.

ನನ್ನ ಪರಿಚಯ ಹೇಳಿಕೊಳ್ಳುತ್ತೇನೆ. ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಕಂಪ್ಯೂಟರ್ ಸೆಂಟರ್ ಇದೆ. ಹೊಲದ ಉತಾರ ತೆಗೆಸುವವರು, ಬೆಳೆ ವಿಮೆ ತುಂಬುವವರು, ನೌಕರಿಗೆ ಅರ್ಜಿ ಹಾಕುವವರು ಎಲ್ಲರೂ ನನ್ನಲ್ಲಿಗೇ ಬರುತ್ತಾರೆ. ಕುರ್ಚಿಯ ಹಿಂದಿನ ಗೋಡೆಗೆ ನನ್ನ ಎಂ.ಎ., ಬಿ.ಎಡ್. ಮತ್ತು ಕಂಪ್ಯೂಟರ್ ಡಿಪ್ಲೊಮಾಗಳನ್ನು ಕಟ್ಟು ಹಾಕಿಸಿ ತೂಗುಬಿಟ್ಟಿದ್ದೇನೆ. ಒಮ್ಮೆ ಯಂಕಂಚಿಯಿಂದ ಬಂದ ಅಜ್ಜನೊಬ್ಬ ಬಹಳ ಹೊತ್ತು ಅವನ್ನೇ ನೋಡಿ, "ಕಟ್ಟು ಛಲೋ ಹಾಕಿಸೀರಿ, ಆದ್ರ ಒಳಗ ದೇವರ ಫೋಟೋನ ಇಲ್ಲಲ್ರೀ?" ಎಂದು ಕೇಳಿದ. ಅವು ದೇವರಿಗಿಂತ ಕಡಿಮೆಯಲ್ಲ ಎಂದು ನಂಬಿದವನು ನಾನು. ಡಿಗ್ರಿಯಿಲ್ಲದೆ ಈ ಜಗತ್ತಿನಲ್ಲಿ ಹುಲ್ಲುಕಡ್ಡಿಯೂ ಅಲುಗುವುದಿಲ್ಲ ಎಂದು ಬಂದವರಿಗೆಲ್ಲ ಉಪದೇಶ ಮಾಡುತ್ತಿದ್ದೆ. ಮೂರು ಡಿಗ್ರಿಯಿದ್ದೂ ನಾನು ಝೆರಾಕ್ಸ್ ಯಂತ್ರದ ಮುಂದೆಯೇ ಯಾಕೆ ಕೂತಿದ್ದೇನೆಂದು ಯಾರೂ ಕೇಳಲಿಲ್ಲ. ನಮ್ಮ ಜನ ಸಂಭಾವಿತರು.

ಕೇಳಿದವಳು ಒಬ್ಬಳೇ, ರೇಷ್ಮಾ. ನಮ್ಮ ಹಿಂದಿನ ಓಣಿಯ ಲಿಂಬೆಹಣ್ಣಿನ ವ್ಯಾಪಾರಿಯ ಮಗಳು. ಪಿಯುಸಿ ಪಾಸಾಗಿ ಡಿಗ್ರಿಗೆ ಹೆಸರು ಹಚ್ಚುವ ಹೊತ್ತಿಗೆ ತಾಯಿ ಹಾಸಿಗೆ ಹಿಡಿದರು, ಕಾಲೇಜು ಅಲ್ಲಿಗೇ ನಿಂತಿತು. ತಾಯಿ ಚೇತರಿಸಿಕೊಂಡ ಮೇಲೆ ನನ್ನ ಸೆಂಟರಿಗೆ ಕೆಲಸಕ್ಕೆ ಬಂದಳು. ಬಂದ ಮೊದಲ ದಿನವೇ ಯಾವುದೋ ಖಾಸಗಿ ಕ್ಲಾಸಿನವರ ಆನ್‌ಲೈನ್ ಅರ್ಜಿ ತೆರೆದು, ಒಂದಕ್ಷರವನ್ನೂ ತುಂಬದೆ ಕೊನೆಯ ಗುಂಡಿ ಒತ್ತಿಬಿಟ್ಟಳು. ಹೆಸರಿಲ್ಲದ, ಊರಿಲ್ಲದ, ಹುಟ್ಟೇ ಇಲ್ಲದ ಒಬ್ಬ ಅಭ್ಯರ್ಥಿಗೆ "ಅಭಿನಂದನೆಗಳು, ನಿಮ್ಮ ಅರ್ಜಿ ಸ್ವೀಕೃತವಾಗಿದೆ" ಎಂದು ಬಂತು. ಯಾಕವಾ ಹಿಂಗ ಮಾಡಿದಿ ಎಂದರೆ, "ಏನೂ ತುಂಬಲಾರ್ದ ಒತ್ತಿದ್ರ ಏನಾಗ್ತೈತಿ ಅಂತ ನೋಡಿದೆ ಅಣ್ಣಾರ" ಎಂದಳು.

ಅದೇ ಅವಳ ಮಂತ್ರ. ಹಿಂಗ ಮಾಡಿದ್ರ ಏನಾಗ್ತೈತಿ, ಹಂಗ ಮಾಡಿದ್ರ ಏನಾಗ್ತೈತಿ. ನಾನು ಡಿಪ್ಲೊಮಾದ ಹುಮ್ಮಸ್ಸಿನಲ್ಲಿ ಅರ್ಜಿದಾರರ ವಯಸ್ಸು ಲೆಕ್ಕ ಹಾಕುವ ಒಂದು ಪ್ರೋಗ್ರಾಂ ಬರೆದಿದ್ದೆ. ಬಂದವರಿಗೆಲ್ಲ ತೋರಿಸಿ ಹೆಮ್ಮೆಪಡುತ್ತಿದ್ದೆ. ರೇಷ್ಮಾ ಅದಕ್ಕೆ ಹುಟ್ಟಿದ ದಿನವೆಂದು ನಾಳೆಯ ತಾರೀಖು ಕೊಟ್ಟಳು. ಇನ್ನೂ ಹುಟ್ಟದ ಕೂಸಿಗೆ ನನ್ನ ಪ್ರೋಗ್ರಾಂ ವೃದ್ಧಾಪ್ಯ ವೇತನ ಪಡೆಯಲು ಅರ್ಹ ಎಂದು ಸರ್ಟಿಫಿಕೇಟು ಕೊಟ್ಟಿತು. ನನ್ನ ಹೆಂಡತಿ ಮಹಾದೇವಿ ಹೊಸ ಮಿಕ್ಸರ್ ತಂದಾಗಲೂ ಹಾಗೆಯೇ. ಮುಚ್ಚಳ ಸರಿಯಾಗಿ ಕೂಡದಿದ್ದರೆ ಇದು ತಿರುಗುವುದೇ ಇಲ್ಲ ಎಂದು ಅಂಗಡಿಯವನು ಆಣೆ ಮಾಡಿ ಹೇಳಿ ಕಳಿಸಿದ್ದ. ರೇಷ್ಮಾ ಅದನ್ನು ನೋಡಿದಳು. "ವೈನಿ, ಕೂಡಲಾರ್ದ ಹಚ್ಚಿದ್ರ ಏನಾಗ್ತೈತಿ?" ಎಂದಳು. ಏನಾಯಿತೆಂಬುದನ್ನು ನಮ್ಮ ಅಡುಗೆಮನೆಯ ತಲೆಯ ಮೇಲಿನ ಮಾಳಿಗೆಯನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಸುಣ್ಣ ಹಚ್ಚಿದರೂ ಕೆಂಪು ಚಟ್ನಿಯ ಆ ಕಲೆ ಹೋಗಿಲ್ಲ.

ಸಿಂದಗಿಯ ಕಡೆಯಿಂದ ಅವಳಿಗೆ ಸಂಬಂಧ ಬಂತು. ಹುಡುಗ ನರ್ಸಿಂಗ್ ಕಲಿತು ಐರ್ಲೆಂಡಿನ ಆಸ್ಪತ್ರೆಯಲ್ಲಿದ್ದ. ಅವನ ಸೋದರಮಾವ ನನ್ನ ಅಂಗಡಿಗೆ ಬಂದು ಚಹಾ ಕುಡಿದು ದನಿ ತಗ್ಗಿಸಿದ. ನಾನು ಚಟ ತೀರಿಸಿಕೊಂಡೆ. "ಭಾಳ ಸಂಭಾವಿತ ಹುಡುಗಿರಿ. ತಗ್ಗಿಸಿದ ತಲಿ ಎತ್ತಿದಾಕಿ ಅಲ್ಲ. ಒಬ್ಬರ ತಪ್ಪು ತಗದಾಕಿ ಅಲ್ಲ, ಎದುರು ಮಾತಾಡಿದಾಕಿ ಅಲ್ಲ" ಎಂದೆ. ಮಾವ ಸಂತೋಷದಿಂದ ಹೋದ. ಒಳಗೆ ಪ್ರಿಂಟ್ ತೆಗೆಯುತ್ತಿದ್ದ ರೇಷ್ಮಾ ಹೊರಗೆ ಬಂದು, "ಅಣ್ಣಾರ, ನೀವು ಹೇಳಿದ ಹುಡುಗಿ ಯಾರ್ರೀ? ನನಗೂ ಒಮ್ಮೆ ತೋರಸ್ರಿ" ಎಂದಳು. ಲಗ್ನವಾಯಿತು, ವಿಮಾನ ಹತ್ತಿದಳು.

ಅಲ್ಲಿ ಗಂಡ ಆಸ್ಪತ್ರೆಯ ಪಾಳಿಗೆ ಹೋದರೆ ಇವಳು ಒಂದು ತಿಂಡಿ ಅಂಗಡಿಯಲ್ಲಿ ಬ್ರೆಡ್ಡು ಕೊಯ್ಯುವ ಕೆಲಸ ಹಿಡಿದಳು. ಬಿಡುವಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿತಳು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ಕೆಲಸ. ಅದಕ್ಕೂ ಸಂಬಳ ಕೊಡುತ್ತಾರೆಂದು ಕೇಳಿ ಮಹಾದೇವಿ, "ಹಂಗಿದ್ರ ನಿಮ್ಮ ಅವ್ವಾರು ಲಕ್ಷಾಧೀಶರಾಗಬೇಕಿತ್ತಲ್ರೀ" ಎಂದಳು. ಅತ್ತೆ ಸೊಸೆಯ ಆ ವಿಷಯ ಇಲ್ಲಿ ಬೇಡ. ರೇಷ್ಮಾ ಅರ್ಜಿ ಹಾಕಿದಳು, ಹಾಕುತ್ತಲೇ ಇದ್ದಳು. ಡಿಗ್ರಿ ಇಲ್ಲವೆಂದು ಕೆಲವರು ಹೇಳಿದರು, ಕೆಲವರು ಏನೂ ಹೇಳಲಿಲ್ಲ. ನಾನು ಮೊದಲೇ ಹೇಳಿದ್ದೆನಲ್ಲ ಎಂದು ಗೋಡೆಯ ಕಟ್ಟುಗಳ ಧೂಳು ಒರೆಸಿಕೊಂಡೆ.

ಒಂದು ದಿನ ಅವಳ ಫೋನು ಬಂತು. ದನಿಯಲ್ಲಿ ಸಂಭ್ರಮವಿತ್ತು. "ಅಣ್ಣಾರ, ಒಂದು ಸಣ್ಣ ಕಂಪನಿಯವರು ಡಿಗ್ರಿ ಬ್ಯಾಡ ಅಂದಾರ್ರೀ. ಅವರ ಆ್ಯಪ್ ಕೊಟ್ಟು ತಪ್ಪು ಹುಡುಕು ಅಂದ್ರು. ನಾ ಹುಡುಕಾಕತ್ತಿದ್ದೆ, ಅವರ ಸಾಕು ಬಿಡು ಅಂದ್ರು. ಇನ್ನ ಒಂದ ಉಳದೈತಿ. ಮೊದಲ ನಾ ಕೆಲಸ ಮಾಡಿದ ಕಡೆ ಯಾರನ್ನರ ಕೇಳ್ತಾರಂತ. ನಿಮ್ಮ ಹೆಸರು ಕೊಟ್ಟೇನಿ. ಇಷ್ಟು ದಿನದಾಗ ಇದೊಂದ ಬಾಗಿಲಾ ತೆರದೈತ್ರಿ. ಇದ್ದದ್ದು ಇದ್ದಂಗ ಹೇಳ್ರಿ, ಸಾಕು."

ಇದ್ದದ್ದು ಇದ್ದಂಗ ಹೇಳ್ರಿ ಎಂದು ಲಗ್ನದ ವಿಚಾರಣೆಗೆ ಬಂದವರೂ ಹೇಳುತ್ತಾರೆ. ಅದು ಊಟಕ್ಕೆ ಕರೆದಾಗ ಮೊದಲು ಬೇಡ ಎಂದಂತೆ, ಹೇಳುವ ರೂಢಿ ಅಷ್ಟೆ. ನಾನು ಸಡಗರದಲ್ಲಿದ್ದೆ. ನನ್ನ ಮಾತಿನ ಮೇಲೆ ಒಂದು ಲಗ್ನ ಆಗಿತ್ತು, ಈಗ ವಿದೇಶದ ನೌಕರಿಯೂ ಆಗುವುದಿತ್ತು. ಅಂಗಡಿಯಲ್ಲಿ ಗದ್ದಲವೆಂದು ವಿಡಿಯೋ ಕರೆಗೆ ಮನೆಯಲ್ಲೇ ಏರ್ಪಾಡು ಮಾಡಿದೆ. ಗೋಡೆಯ ಕಟ್ಟುಗಳನ್ನು ಮನೆಗೆ ತಂದು ಬೆನ್ನ ಹಿಂದೆ ಹೊಂದಿಸಿದೆ. ಮದುವೆಯ ಕೋಟು ಹಾಕಿದೆ. ಅದರ ಗುಂಡಿಯನ್ನು ಹೇಗೋ ಹಾಕಿ ಉಸಿರು ಬಿಗಿಹಿಡಿದು ಕೂತೆ. ಕೆಳಗೆ ಲುಂಗಿಯಿತ್ತು, ಅದು ಕಾಣುವುದಿಲ್ಲ. ಮಹಾದೇವಿ ಪಕ್ಕದಲ್ಲಿ ಮೊರ ಹಿಡಿದು ಶೇಂಗಾ ಹಸನು ಮಾಡುತ್ತಾ ಕೂತಳು.

ಸಂಜೆ ಚಹಾದ ಹೊತ್ತಿಗೆ ಕರೆ ಬಂತು. ಕಂಪನಿಯ ಮೇಡಂ, ನಮ್ಮ ಕಡೆ ಅನ್ನುವಂತೆ ಬಾಯಿಯವರು, ನಗುಮುಖದ ಹೆಂಗಸು, ನನಗಾಗಿ ನಿಧಾನವಾಗಿ ಇಂಗ್ಲಿಷ್ ಮಾತಾಡಿದರು. ರೇಷ್ಮಾ ಹೇಗೆ ಎಂದರು. ನಾನು ಚಿನ್ನ ಎಂದೆ. ಅವಳು ಎಂದಾದರೂ ನಿಮ್ಮ ಕೆಲಸದಲ್ಲಿ ತಪ್ಪು ತೋರಿಸಿದ್ದಾಳೆಯೇ ಎಂದು ಕೇಳಿದರು. ಎಲ್ಲಾದರೂ ಉಂಟೇ, ಆ ಹುಡುಗಿ ಒಬ್ಬರ ತಪ್ಪು ಎತ್ತಿದವಳಲ್ಲ ಎಂದೆ. ಬಾಯಿಯವರ ನಗು ಸ್ವಲ್ಪ ಕಡಿಮೆಯಾಯಿತು. ನನ್ನ ಹೊಗಳಿಕೆ ಸಾಲದಾಯಿತೆಂದು ನಾನು ಇನ್ನಷ್ಟು ಸೇರಿಸಿದೆ. ಪ್ರಶ್ನೆ ಕೇಳುವ ಸ್ವಭಾವ ಇದೆಯೇ ಎಂದರು. ಇಲ್ಲವೇ ಇಲ್ಲ, ಹೇಳಿದ್ದನ್ನು ತಲೆಬಾಗಿಸಿ ಮಾಡುತ್ತಾಳೆ, ಎಲ್ಲದಕ್ಕೂ ಹೊಂದಿಕೊಳ್ಳುತ್ತಾಳೆ ಎಂದೆ. ನಗು ಪೂರ್ತಿ ಹೋಯಿತು. ಅವರು ಏನೋ ಬರೆದುಕೊಂಡರು. ನಾನು ಕೂಡಿಸುತ್ತಿದ್ದೆ, ಆದರೆ ಆ ಹೆಂಗಸಿಗೆ ಕಳೆಯಲು ಯಾರೂ ಕಲಿಸಿರಲಿಲ್ಲ.

ಮಹಾದೇವಿಯ ಕೈಯ ಮೊರ ನಿಂತಿತು. ಪಿಯುಸಿ ಓದಿದವಳು, ನಿಧಾನ ಹೇಳಿದರೆ ಇಂಗ್ಲಿಷ್ ತಿಳಿಯುತ್ತದೆ. "ಅವರು ತಪ್ಪು ತಗಿಯೋರನ್ನ ಹುಡುಕ್ಯಾಡಾಕತ್ತಾರ. ನೀವು ನೋಡಿದ್ರ ಆಕಿಗೆ ಇನ್ನೊಂದು ಲಗ್ನ ಮಾಡಾಕತ್ತೀರಿ" ಎಂದಳು.

ಬಿಗಿಹಿಡಿದ ಉಸಿರು ಬಿಟ್ಟೆ. ಕೋಟಿನ ಗುಂಡಿಯೂ ಆಗಲೇ ಹಾರಿತು. ಬ್ರೆಡ್ಡು ಕೊಯ್ಯುತ್ತಾ ನಿಂತ ರೇಷ್ಮಾಳ ಮುಖ ಕಣ್ಣ ಮುಂದೆ ಬಂತು. ಅವಳಿಗೆ ತೆರೆದಿದ್ದ ಒಂದೇ ಬಾಗಿಲನ್ನು ನಾನೇ ಒಳ್ಳೆಯ ಮಾತಿನಿಂದ ಮುಚ್ಚುತ್ತಿದ್ದೆ. ಅಷ್ಟರಲ್ಲಿ ಮಹಾದೇವಿ ಸೆರಗು ಸರಿಮಾಡಿಕೊಂಡು ಫೋನನ್ನು ಕಿತ್ತುಕೊಂಡಳು.

"ನಾ ಹೇಳ್ತೇನಿ, ನೀವು ಇಂಗ್ಲಿಷಿನಾಗ ಹೇಳ್ರಿ. ಕೂಡಸಬ್ಯಾಡ್ರಿ, ಕಳೀಬ್ಯಾಡ್ರಿ" ಎಂದಳು. ಹೀಗೆ ನಾನು ನನ್ನ ಸುಳ್ಳುಗಳನ್ನು ನನ್ನ ಬಾಯಿಂದಲೇ ಒಂದೊಂದಾಗಿ ವಾಪಸು ಪಡೆಯಬೇಕಾಯಿತು. ನಮ್ಮ ಮನೆಯವರು ಸಂಕೋಚದ ಮನುಷ್ಯ, ಈವರೆಗೆ ಹೇಳಿದ್ದನ್ನು ಬಿಟ್ಟುಬಿಡಿ ಎಂಬ ಅವಳ ಮಾತನ್ನು ನಾನೇ ಅನುವಾದಿಸಿದೆ. ಆ ಹುಡುಗಿ ಬಾಯಿ ಮುಚ್ಚಿಕೊಂಡು ಕೂತದ್ದನ್ನು ನಾನು ಕಂಡೇ ಇಲ್ಲ ಎಂಬುದನ್ನೂ ಅನುವಾದಿಸಿದೆ. ನನ್ನ ಶೇಂಗಾ ಹಿಂಡಿ ಚಟ್ನಿಯನ್ನು ಊರೇ ಹೊಗಳಿದಾಗ ಉಪ್ಪು ಕಡಿಮೆ ಎಂದವಳು ಅವಳೊಬ್ಬಳೇ, ನೋಡಿದರೆ ಖರೆ ಕಡಿಮೆಯೇ ಇತ್ತು. ನನ್ನ ಗಂಡನ ಪ್ರೋಗ್ರಾಂ ಹುಟ್ಟದ ಕೂಸಿಗೆ ಪೆನ್ಶನ್ ಕೊಡುತ್ತದೆಂದು ಹಿಡಿದವಳೂ ಅವಳೇ, ಎಂದು ಮಹಾದೇವಿ ಮುಂದುವರಿಸಿದಳು. ಇದನ್ನು ಇಂಗ್ಲಿಷಿನಲ್ಲಿ ಹೇಳುವಾಗ ನಾನು ಸ್ವಲ್ಪ ತಡವರಿಸಿದೆ. "ಪೂರಾ ಹೇಳ್ರಿ" ಎಂದಳು. ಪೂರ್ತಿ ಹೇಳಿದೆ. ಆಮೇಲೆ ಅವಳು ಫೋನು ಹಿಡಿದು ಅಡುಗೆಮನೆಗೆ ನಡೆದಳು. ಅನುವಾದಕನಾಗಿ ನಾನೂ ಹಿಂದೆ ಓಡಿದೆ. ಕೋಟಿನ ಕೆಳಗಿನ ಲುಂಗಿ ಐರ್ಲೆಂಡಿಗೆ ಕಂಡಿತು.

ಮಹಾದೇವಿ ಫೋನನ್ನು ಮಾಳಿಗೆಯ ಕಡೆ ತಿರುಗಿಸಿ ಕೆಂಪು ಕಲೆಯನ್ನು ಬೆರಳೆತ್ತಿ ತೋರಿಸಿದಳು. ಮಿಕ್ಸರಿನ ಕಥೆಯನ್ನು ಕೈಯಲ್ಲೇ ಮಾಡಿ ತೋರಿಸಿದಳು. "ಆಕಿ ಅವತ್ತ ನೋಡ್ಲಿಲ್ಲಂದ್ರ ಆ ಖಾರ ಒಂದಿಲ್ಲೊಂದಿನ ನನ್ನ ಕಣ್ಣಿಗೇ ಬೀಳ್ತಿತ್ರಿ. ಮರುದಿನ ಅಂಗಡಿಗೆ ಒಯ್ದು ಬದಲಿ ಮಾಡಿಸಿಕೊಂಡು ಬಂದೆ. ಆಕಿ ತಪ್ಪು ತಗೀತಾಳ ಖರೆ, ಆದ್ರ ತಗದಿದ್ದು ನಮ್ಮ ಛಲೋಕ್ಕ ಇರ್ತೈತಿ" ಎಂದಳು. ಅದನ್ನು ಒಂದಕ್ಷರ ಬಿಡದೆ ಅನುವಾದಿಸಿದೆ. ಆ ಕಡೆ ಬಾಯಿಯವರು ಕಣ್ಣೊರೆಸಿಕೊಳ್ಳುತ್ತಿದ್ದರು. ನಕ್ಕು ನಕ್ಕು ಬಂದ ನೀರು ಎಂದು ಆಮೇಲೆ ತಿಳಿಯಿತು.

ಎರಡು ದಿನದಲ್ಲಿ ಕೆಲಸ ಸಿಕ್ಕಿತು. ರೇಷ್ಮಾ ಫೋನಿನಲ್ಲಿ ಅತ್ತಳು, ಮಹಾದೇವಿ ಅತ್ತಳು, ನಾನೂ ಅತ್ತೆ. ರೇಷ್ಮಾಳ ಅಪ್ಪ ಒಂದು ಚೀಲ ಲಿಂಬೆಹಣ್ಣು ತಂದು ಬಾಗಿಲಲ್ಲಿಟ್ಟರು. ಓಣಿಯ ಪ್ರತಿ ಮನೆಯಲ್ಲೂ ಉಪ್ಪಿನಕಾಯಿ ಆಯಿತು. ಸುದ್ದಿ ಹಬ್ಬಿ ಮುದ್ದೇಬಿಹಾಳದಿಂದ, ಬಸವನ ಬಾಗೇವಾಡಿಯಿಂದ ಹುಡುಗ ಹುಡುಗಿಯರು ನನ್ನ ಸೆಂಟರಿಗೆ ಬರತೊಡಗಿದರು. ಡಿಗ್ರಿ ಇದ್ದವರೂ ಬಂದರು, ಇಲ್ಲದವರೂ ಬಂದರು. ಎಲ್ಲರ ಕಣ್ಣಲ್ಲೂ ಒಂದೇ ಹೊಳಪು. ನಾನು ಉತ್ಸಾಹದಿಂದ ಕುರ್ಚಿ ಎಳೆದುಕೊಂಡು ಬಾಯಿ ತೆರೆಯುವಷ್ಟರಲ್ಲಿ ಅವರು ಕೇಳುವುದು ಒಂದೇ ಮಾತು: "ಸರ್ರ, ವೈನ್ಯಾರು ಮನಿಯಾಗ ಅದಾರೇನ್ರೀ?"

ಇಷ್ಟೆಲ್ಲ ಹುರುಪು ನೋಡಿ ನನಗೂ ಸುಮ್ಮನಿರಲಾಗಲಿಲ್ಲ. ಮೂರು ಡಿಗ್ರಿಯವನು ನಾನು, ನನಗೇನು ಕಡಿಮೆ ಎಂದು ಹೊರದೇಶದ ಒಂದು ಕಂಪನಿಗೆ ಅರ್ಜಿ ಹಾಕಿದೆ. ಅಚ್ಚರಿಯೆಂದರೆ ಉತ್ತರ ಬಂತು. ಡಿಗ್ರಿಗಳ ಬಗ್ಗೆ ಅವರು ಏನೂ ಕೇಳಿರಲಿಲ್ಲ. ನಿಮ್ಮ ಜೊತೆ ಕೆಲಸ ಮಾಡಿದ ಒಬ್ಬರ ಹೆಸರು ಕೊಡಿ, ನಾವು ಮಾತಾಡುತ್ತೇವೆ ಎಂದಿದ್ದರು. ನನ್ನ ಜೊತೆ ಕೆಲಸ ಮಾಡಿದವರು ಜಗತ್ತಿನಲ್ಲಿ ಒಬ್ಬರೇ. ಹೆಸರು ಕೊಟ್ಟು, ರೇಷ್ಮಾಳಿಗೆ ಫೋನ್ ಹಚ್ಚಿದೆ.

ಅವಳಿಗೆ ನನಗಿಂತ ಹೆಚ್ಚು ಸಂತೋಷವಾಯಿತು. "ಕಾಳಜಿ ಮಾಡಬ್ಯಾಡ್ರಿ ಅಣ್ಣಾರ. ಇದ್ದದ್ದು ಇದ್ದಂಗ ಹೇಳ್ತೇನಿ" ಎಂದಳು.

ಮಹಾದೇವಿಗೆ ಕೇಳಿಸದಂತೆ ನಾನು ದನಿ ತಗ್ಗಿಸಿದೆ. "ತಂಗಿ, ಇದ್ದದ್ದು ಇದ್ದಂಗ ಬ್ಯಾಡವಾ. ಒಂದೀಟು ಲಗ್ನದ ವಿಚಾರಣಿಗೆ ಹೇಳಿದಂಗ ಹೇಳು."

ಆ ಕಡೆಯಿಂದ ಅವಳು ಬಹಳ ಪ್ರೀತಿಯಿಂದ ಕೇಳಿದಳು: "ಹಂಗ ಹೇಳಿದ್ರ ಏನಾಗ್ತೈತಿ ಅಣ್ಣಾರ?"