ನಾಲ್ಕನೆಯವನ ನಿಯಮ

ಕೂತಲ್ಲಿ ಕೂರುವುದು ಒಂದು ವಿದ್ಯೆ. ಅದು ನನಗೆ ಒಲಿಯಲಿಲ್ಲ. ಊಟಕ್ಕೆ ಕೂತರೆ ಸಾರು ಬಡಿಸುವುದರೊಳಗೆ ಎದ್ದು ಗೇಟಿನ ಚಿಲಕ ಹಾಕಿದೆಯೇ ಎಂದು ನೋಡಿ ಬರುತ್ತೇನೆ. ಬಸ್ಸಿನಲ್ಲಿ ಸೀಟು ಸಿಕ್ಕರೆ, ಮುಂದಿನ ಸ್ಟಾಪಿನಲ್ಲಿ ಯಾರಾದರೂ ವಯಸ್ಸಾದವರು ಹತ್ತಲಿ ಎಂದು ಹಾರೈಸುತ್ತೇನೆ. ಹತ್ತಿದವರು ನನ್ನನ್ನು ಹರಸಿ ಕೂರುತ್ತಾರೆ, ನಾನು ನೆಮ್ಮದಿಯಾಗಿ ಕಂಬ ಹಿಡಿದು ಜೋಲಾಡುತ್ತೇನೆ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಜಯ "ಏನು ಹುಡುಕ್ತಿದೀರಿ?" ಎಂದು ಮೃದುವಾಗಿ ಕೇಳುತ್ತಿದ್ದಳು. ಈಗ "ಕೂತ್ಕೊಳ್ರೀ ಒಂದ್ಕಡೆ, ನೋಡಿ ನೋಡಿ ನನ್ಗೇ ಕಾಲು ನೋವು ಬರುತ್ತೆ" ಎನ್ನುತ್ತಾಳೆ. ಕಾಲಿಗೆ ಚಕ್ರ ಕಟ್ಟಿಕೊಂಡವರು ಕೊನೆಗೆ ಎಲ್ಲಿಗಾದರೂ ಹೋಗಿ ಮುಟ್ಟುತ್ತಾರೆ. ನನ್ನದು ನಡುಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ನಡುಮನೆಗೆ.

ಇಂಥವನಿಗೆ ಸರ್ಕಾರ ನಂಜನಗೂಡಿನ ಒಂದು ಕಚೇರಿಯಲ್ಲಿ ಕುರ್ಚಿ ಕೊಟ್ಟು, ದಿನವಿಡೀ ಕರಡು ಬರೆಯುವ ಕೆಲಸಕ್ಕೆ ಹಚ್ಚಿದೆ. ನಾನು ಹೆಚ್ಚಾಗಿ ನಿಂತುಕೊಂಡೇ ಬರೆಯುತ್ತೇನೆ. 'ಸದರಿ', 'ಮೇಲ್ಕಂಡ', 'ತಕ್ಕದ್ದು' ಇವು ನನ್ನ ಪೆನ್ನಿನಿಂದ ತಾವಾಗಿಯೇ ಉದುರುತ್ತವೆ. ಮನೆಯಲ್ಲಿ ಹಾಲಿನವನಿಗೆ ಚೀಟಿ ಬರೆದಿಟ್ಟರೂ 'ನಾಳೆಯಿಂದ ಒಂದು ಲೀಟರ್ ಹಾಕತಕ್ಕದ್ದು' ಎಂದೇ ಬರುತ್ತದೆ. ಹಾಲಿನವನು ಅದನ್ನು ನೋಡಿ ಹೆದರಿ ಹಾಲೇ ಹಾಕದೆ ಹೋದದ್ದೂ ಉಂಟು. ಹೀಗಾಗಿ ನಮ್ಮ ಕಚೇರಿಯಲ್ಲಿ ಯಾವ ನಿಯಮ ಬರೆಯಬೇಕಾದರೂ ನನ್ನನ್ನೇ ಕರೆಯುತ್ತಾರೆ. ನೀರಿನ ಕ್ಯಾನಿನ ಪಕ್ಕದ ಲೋಟ ಯಾರು ತೊಳೆಯಬೇಕು ಎಂಬುದಕ್ಕೂ ನನ್ನ ಕೈಬರಹದ ನಿಯಮವಿದೆ. ಅದನ್ನು ಯಾರೂ ಪಾಲಿಸುವುದಿಲ್ಲ, ಆದರೆ ಓದಿದವರೆಲ್ಲ ಭಾಷೆಯನ್ನು ಹೊಗಳುತ್ತಾರೆ.

ನಮಗೂ ತಿರುಮಕೂಡಲು ನರಸೀಪುರದ ನಮ್ಮದೇ ಇಲಾಖೆಯವರಿಗೂ ವರ್ಷಕ್ಕೊಮ್ಮೆ ಆಟದ ಪಂದ್ಯ ನಡೆಯುತ್ತದೆ. ಮೊದಲು ವಾಲಿಬಾಲ್ ಇತ್ತು. ವರ್ಗಾವಣೆ, ನಿವೃತ್ತಿ, ಮಂಡಿನೋವು ಎಲ್ಲ ಸೇರಿ ಎರಡೂ ಕಡೆ ಆಳುಗಳು ಕಡಿಮೆಯಾಗಿ, ಈ ಸಲ ಏನಾಡುವುದು ಎಂಬ ಚರ್ಚೆ ಬಂದಾಗ, ಸದಾ ತಲೆ ತಗ್ಗಿಸಿ ಕಂಪ್ಯೂಟರ್ ಕುಟ್ಟುವ ಸವಿತ ಎದ್ದು ನಿಂತು, "ಬ್ಯಾಸ್ಕೆಟ್‌ಬಾಲ್ ಆಡೋಣ ಸಾ, ತ್ರೀ ಆನ್ ತ್ರೀ. ಒಂದೊಂದು ಕಡೆ ಮೂರೇ ಜನ. ಅರ್ಧ ಕೋರ್ಟು, ಒಂದೇ ಬುಟ್ಟಿ. ಹತ್ತು ನಿಮಿಷಕ್ಕೆ ಮುಗ್ದೋಗುತ್ತೆ" ಎಂದಳು. ಮೂರೇ ಜನ, ಅರ್ಧ ಜಾಗ, ಹತ್ತೇ ನಿಮಿಷ. ನಮ್ಮ ಕಚೇರಿಗೆ ಹೇಳಿ ಮಾಡಿಸಿದ ಆಟ ಎಂದು ಎಲ್ಲರೂ ಒಪ್ಪಿದರು.

ಸವಿತ ಹದಿನಾರು ಎಂಬ ಊರಿನ ಸೊಸೆ. ಮೈಸೂರಿನಲ್ಲಿ ಕಾಲೇಜಿಗೆ ಹೋಗುವಾಗ ಬ್ಯಾಸ್ಕೆಟ್‌ಬಾಲ್ ಆಡಿ ಕಪ್ಪು ಗೆದ್ದವಳಂತೆ. ಮದುವೆಯಾದ ಮೇಲೆ ಶೂಗಳು ಅಟ್ಟ ಸೇರಿದವು. ಈಗ ಈ ಪಂದ್ಯವೊಂದನ್ನು ಆಡಲು ಅತ್ತೆಯನ್ನು ಹೇಗೋ ಒಪ್ಪಿಸಿದ್ದಳು. "ಒಂದೇ ಒಂದ್ಸಲ ಅಂತ ಒಪ್ಕೊಂಡವ್ರೆ ಸಾ. ಅವ್ರೇ ನೋಡೋಕೆ ಬತ್ತಾರೆ. ಚೆನ್ನಾಗಿ ನಡುದ್ರೆ ಜಿಲ್ಲೆ ಸೆಲೆಕ್ಷನ್‌ಗೂ ಹೋಗ್ತೀನಿ ಅಂತ ಕೇಳ್ಬೋದು. ಏನಾರ ಎಡವಟ್ಟಾದ್ರೆ ಮುಗೀತು, ಶೂ ಮತ್ತೆ ಅಟ್ಟಕ್ಕೆ" ಎಂದು ಹೇಳಿ, "ನೀವು ರೂಲ್ಸ್ ಕರೆಕ್ಟಾಗಿ ಬರ್ಕೊಡಿ ಸಾ, ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದು ಕೇಳಿಕೊಂಡಳು. ನನ್ನ ಬರವಣಿಗೆಯನ್ನು ನಂಬಿ ಯಾರಾದರೂ ಒಂದು ಸಂತೋಷವನ್ನು ಪಣಕ್ಕಿಟ್ಟದ್ದು ಅದೇ ಮೊದಲು. ನನಗೆ ಹೆಮ್ಮೆಯಾಯಿತು. ಹೆಮ್ಮೆಯಾದಾಗ ನಾನು ಇನ್ನೂ ಜೋರಾಗಿ ಓಡಾಡುತ್ತೇನೆ.

ಸವಿತ ಹೇಳುತ್ತಾ ಹೋದಳು, ನಾನು ನಡೆಯುತ್ತಾ ಬರೆಯುತ್ತಾ ಹೋದೆ. ಕಷ್ಟವಾದದ್ದು ನಮ್ಮ ಮ್ಯಾನೇಜರ್ ಸಿದ್ದರಾಜು ಅವರಿಂದ. ಚೆಂಡು ಕೈಗೆ ಬಂದ ಹನ್ನೆರಡು ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕು ಎಂದದ್ದಕ್ಕೆ ಅವರು, "ಹನ್ನೆರಡು ಸೆಕೆಂಡಾ? ನನ್ಗೆ ಕನ್ನಡಕ ಹುಡುಕೋಕೇ ಅದ್ರ ಹತ್ತರಷ್ಟು ಬೇಕಲ್ರೀ" ಎಂದರು. ಅಂಕ ಗಳಿಸಿದ ಮೇಲೆ ಎದುರಾಳಿಗಳು ಚೆಂಡನ್ನು ಬುಟ್ಟಿಯ ಮುಂದಿನ ಕಮಾನುಗೆರೆಯ ಆಚೆಗೆ ಒಯ್ದು ಮತ್ತೆ ಒಳಗೆ ತರಬೇಕು ಎಂದಾಗ, "ಇನ್‌ವರ್ಡ್ ಆಗಿ ಬರ್ಬೇಕು ಅನ್ನಿ, ಸರಿಯಾಗಿದೆ" ಎಂದು ಮೆಚ್ಚಿಕೊಂಡರು. ಆಟ ನಡೆಯುವಾಗ ಹೊರಗಿನಿಂದ ಕೋಚ್ ಸಲಹೆ ಕೊಡುವಂತಿಲ್ಲ ಎಂಬುದು ಗೊತ್ತಾದಾಗ ಮಾತ್ರ ಅವರ ಮುಖ ಬಾಡಿತು. ಸಲಹೆ ಕೊಡದೆ ಸುಮ್ಮನೆ ನಿಲ್ಲುವುದಾದರೆ ತಾವೇಕೆ ಕೋಚ್ ಆಗಿ ಬರಬೇಕು ಎಂದು ಅವರಿಗೆ ಅರ್ಥವಾಗಲಿಲ್ಲ. ಆ ಬೇಸರದಲ್ಲೇ ಇರಬೇಕು, ಅವರು ಆ ಮಾತೆತ್ತಿದ್ದು.

"ಅಲ್ಲ ಕಣ್ರೀ, ಮೂರು ಜನ ಹೊರಟ್ರೆ ಕೆಲ್ಸ ಆಗುತ್ತೇನ್ರೀ?"

ಈ ಮಾತು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಹೆಣ್ಣು ನೋಡಲು, ಜಮೀನು ನೋಡಲು, ಕಡೆಗೆ ಪಾತ್ರೆ ಅಂಗಡಿಗೆ ಕುಕ್ಕರ್ ತರಲೂ ಮೂರು ಜನ ಹೊರಡುವುದಿಲ್ಲ. ಇಬ್ಬರಾದರೂ ಹೋಗುತ್ತಾರೆ, ಇಲ್ಲವೇ ಬೀದಿಯಲ್ಲಿ ಹೋಗುವವರನ್ನು ಎಳೆದು ನಾಲ್ಕು ಮಾಡಿಕೊಳ್ಳುತ್ತಾರೆ. ಸವಿತ, "ಸಬ್‌ಸ್ಟಿಟ್ಯೂಟ್ ಅಂತ ನಾಲ್ಕನೆಯವ್ರು ಇರ್ತಾರೆ ಸಾ, ಹೊರಗೆ ಕೂತಿರ್ತಾರೆ" ಎಂದಳು. "ಹೊರಗೆ ಕೂತ್ರೆ ಏನವ್ವಾ ಬಂತು? ಹೊಸಿಲು ದಾಟುವಾಗ ನಾಲ್ಕು ಜನ ಇರ್ಬೇಕು" ಎಂದರು ಸಿದ್ದರಾಜು. ಸವಿತ ನನ್ನ ಮುಖ ನೋಡಿದಳು. ನಾನು, ಎಲ್ಲರನ್ನೂ ಸಮಾಧಾನಪಡಿಸುವ ಭಾಷೆ ನನ್ನ ಬಳಿ ಇದೆ ಎಂಬ ಜಂಬದಲ್ಲಿ, ಹೀಗೆ ಬರೆದೆ: 'ಪ್ರತಿ ತಂಡದ ನಾಲ್ವರೂ ಸದಸ್ಯರು ಒಟ್ಟಾಗಿ ಅಂಕಣವನ್ನು ಪ್ರವೇಶಿಸತಕ್ಕದ್ದು.' ಸಿದ್ದರಾಜು ತಲೆದೂಗಿದರು. ಆಡುವವರು ಸವಿತ ಮತ್ತು ಸರ್ವೆ ವಿಭಾಗದ ಇಬ್ಬರು ಯುವಕರು ಎಂದಾಯಿತು. ನಾಲ್ಕನೆಯವರು ಯಾರು? "ನೀವೇ ಆಗ್ಬಿಡಿ, ಹೆಂಗೂ ಒಂದ್ಕಡೆ ಕೂರೋರಲ್ಲ" ಎಂದರು. ಜೆರ್ಸಿ ಉಂಟು, ಓಟವಿಲ್ಲ. ಒಳಗೆ ಹೋಗಿ ಹೊರಗೆ ಬರುವುದು, ನಾನು ಜೀವಮಾನವಿಡೀ ಮಾಡುತ್ತಾ ಬಂದ ಕೆಲಸ. ಒಪ್ಪಿಕೊಂಡೆ.

ಆ ಭಾನುವಾರ ನನ್ನ ಭಾಮೈದ ಮಾದೇವ ಮನೆಗೆ ಬಂದ. ಜಯಳ ತಮ್ಮ, ಅವಳ ತವರೂರು ಸೋಸಲೆಯವನು, ಕೆಲಸ ನರಸೀಪುರದ ಅದೇ ನಮ್ಮ ಇಲಾಖೆಯಲ್ಲಿ, ಸಾಲದ್ದಕ್ಕೆ ಅವರ ತಂಡದ ನಾಯಕ. ನೀವು ಚಾಪೆ ಕೆಳಗೆ ತೂರಿದರೆ ಅವನು ರಂಗೋಲಿ ಕೆಳಗೆ ತೂರುವ ಗಿರಾಕಿ. ನನ್ನ ನಿಯಮಗಳನ್ನು ಮುದ್ದೆ ನುಂಗುತ್ತಲೇ ಓದಿ, ಸಾರು ಹಾಕಿಸಿಕೊಂಡು ಮತ್ತೊಮ್ಮೆ ಓದಿ, "ಬೋ ಚೆನ್ನಾಗಿ ಬರ್ದಿದೀರಿ ಭಾವ. ಒಂದಕ್ಷರ ತೆಗಿಯೋ ಹಂಗಿಲ್ಲ" ಎಂದ. ನಾನು ಅವರ ಮನೆಗೆ ಅಳಿಯನಾದಂದಿನಿಂದ ನನ್ನನ್ನು ಎಂದೂ ಹೊಗಳದವನು ಹೊಗಳಿದನಲ್ಲ, ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಇನ್ನೊಂದು ಮುದ್ದೆ ಹಾಕು ಎಂದು ಜಯಳಿಗೆ ಹೇಳಿದೆ.

ಪಂದ್ಯದ ದಿನ ನರಸೀಪುರದ ಮೈದಾನಕ್ಕೆ ಬೆಳಗ್ಗೆಯೇ ಹೋದೆವು. ಸವಿತ ಅಟ್ಟದಿಂದ ಇಳಿಸಿದ ಶೂ ಹಾಕಿಕೊಂಡು ಒಬ್ಬಳೇ ಚೆಂಡು ಪುಟಿಸುತ್ತಿದ್ದಳು. ಕಚೇರಿಯಲ್ಲಿ ಫೈಲು ಎತ್ತಲೂ ಸಂಕೋಚಪಡುವ ಹುಡುಗಿ ಇವಳೇನಾ ಎಂದು ಆಶ್ಚರ್ಯವಾಯಿತು. ಚೆಂಡು ಅವಳ ಕೈಗೂ ನೆಲಕ್ಕೂ ನಡುವೆ ಸಾಕಿದ ಬೆಕ್ಕಿನಂತೆ ಓಡಾಡಿಕೊಂಡಿತ್ತು. ಬೇಲಿಯ ಪಕ್ಕ ಕುರ್ಚಿಯಲ್ಲಿ ಅವಳ ಅತ್ತೆ, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ತೀರ್ಪು ಕೊಡಲು ಬಂದವರಂತೆ ತುಟಿ ಬಿಗಿದು ಕೂತಿದ್ದರು. ಪಕ್ಕದಲ್ಲೇ ಜಯ. ಅವಳು ಯಾರ ಕಡೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ನಿಯಮದಂತೆ ಎಂಟೂ ಜನ ಒಳಗೆ ಹೋದೆವು. ರೆಫ್ರಿಯಾಗಿ ಬಂದಿದ್ದ ಪಿ.ಟಿ. ಮಾಸ್ತರು ಸೀಟಿ ಬಾಯಿಗಿಟ್ಟರು. ನಾನು ಸಿದ್ದರಾಜು ಅವರ ಕಡೆ ಕೈ ಬೀಸಿ ಹೊರಗೆ ಹೊರಟೆ. ನರಸೀಪುರದವರ ನಾಲ್ಕನೆಯವನು ಹೊರಡಲಿಲ್ಲ. ಅವನು ಅವರ ಜೀಪಿನ ಡ್ರೈವರ್ ದೊಡ್ಡಮಾದ. ಹೆಸರಿಗೆ ಮೋಸವಿಲ್ಲದ ಆಳು. ಬುಟ್ಟಿಯ ಕೆಳಗೆ ಹೋಗಿ ಕೈ ಕಟ್ಟಿ ನಿಂತ ಮೇಲೆ ಅಲ್ಲಿಗೆ ಗಾಳಿಗೂ ದಾರಿ ಇರಲಿಲ್ಲ.

"ಆಚೆ ಬಾರಯ್ಯಾ" ಎಂದರು ಮಾಸ್ತರು.

ಮಾದೇವ ನನ್ನದೇ ಕೈಬರಹದ ಪ್ರತಿ ತೆಗೆದು, "ಪ್ರವೇಶಿಸತಕ್ಕದ್ದು ಅಂತ ಬರ್ದವ್ರೆ ಸಾ. ಪ್ರವೇಶ ಮಾಡಿದೀವಿ. ಆಚೆ ಹೋಗತಕ್ಕದ್ದು ಅಂತ ಎಲ್ಲಿ ಬರ್ದವ್ರೆ ತೋರ್ಸಿ, ಈಗ್ಲೇ ಕಳುಸ್ತೀವಿ" ಎಂದ. ಮಾಸ್ತರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಯಾರಪ್ಪಾ ಇದ್ನ ಬರ್ದೋರು?" ಎಂದು ಕೇಳಿದರು. ನಂಜನಗೂಡು, ನರಸೀಪುರ ಎರಡೂ ತಾಲ್ಲೂಕುಗಳು ಅಪರೂಪಕ್ಕೆ ಒಂದಾಗಿ ನನ್ನ ಕಡೆ ಬೆರಳು ತೋರಿಸಿದವು. ಬರೆದ ನಿಯಮ ಬರೆದಂತೆ, ಅವರು ನಾಲ್ವರಾದರೆ ನೀವೂ ನಾಲ್ವರು ಎಂದು ಮಾಸ್ತರು ಸೀಟಿ ಊದಿಬಿಟ್ಟರು.

ಆಮೇಲೆ ನಡೆದದ್ದಕ್ಕೆ ಆಟ ಎನ್ನಲು ನಾಲಿಗೆ ಬರುವುದಿಲ್ಲ. ಆರು ಜನಕ್ಕೆಂದು ಅಳೆದ ಅರ್ಧ ಅಂಕಣದಲ್ಲಿ ಎಂಟು ಜನ. ಹುಣ್ಣಿಮೆಯ ದಿನ ನಂಜನಗೂಡಿಗೆ ಬರುವ ಬಸ್ಸು ನೆನಪಾಯಿತು. ದೊಡ್ಡಮಾದನಾದರೂ ನಿಂತಲ್ಲೇ ನಿಂತಿದ್ದ. ನನಗೆ ನಿಲ್ಲಲು ಬಂದರಲ್ಲವೇ? ಒಂದು ಮೂಲೆಯಲ್ಲಿ ತೆಪ್ಪಗಿರೋಣ ಎಂದುಕೊಂಡರೂ ಕಾಲು ಕೇಳಲಿಲ್ಲ. ಸವಿತ ಎಡಕ್ಕೆ ನುಗ್ಗಿದರೆ ನಾನು ಎಡಕ್ಕೆ, ದಾರಿ ಬಿಡೋಣ ಎಂದು ಬಲಕ್ಕೆ ಸರಿದರೆ ಅವಳೂ ಬಲಕ್ಕೆ. ಅವಳು ಬುಟ್ಟಿಗೆ ಎಸೆದ ಚೆಂಡು ಒಮ್ಮೆ ನನ್ನ ಬೆನ್ನಿಗೇ ಬಡಿಯಿತು. ನಾನು "ಸಾರಿ ಕಣಮ್ಮ" ಎನ್ನುವಷ್ಟರಲ್ಲಿ ಮಾದೇವ ಅದೇ ಚೆಂಡನ್ನು ಎತ್ತಿಕೊಂಡು ಹೋಗಿ ಅಂಕ ಗಳಿಸಿದ. ಸುತ್ತ ನಿಂತ ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಸವಿತಳ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಸವಿತ ಆ ಕಡೆ ಒಮ್ಮೆ ನೋಡಿದಳು, ಆಮೇಲೆ ತನ್ನ ಶೂ ನೋಡಿಕೊಂಡಳು. ನಗೆಪಾಟಲಾಗುವುದು ನನಗೆ ಹೊಸದಲ್ಲ, ಆದರೆ ಅದರ ಸುಂಕವನ್ನು ಆ ಹುಡುಗಿ ಕಟ್ಟುತ್ತಿದ್ದಳು. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ನಾನು ಬೇರೆಯವರ ಮಗಳದ್ದನ್ನು ಕೆತ್ತಿ ಕೂತಿದ್ದೆ.

ಏನು ಮಾಡಲೂ ತೋಚದೆ, ಅಲೆಯುತ್ತಾ ಅಲೆಯುತ್ತಾ ದೊಡ್ಡಮಾದನ ಪಕ್ಕಕ್ಕೆ ಬಂದೆ. ಅವನ ಮುಂದೆ ಅವರ ಮೂವರೂ ಹೆಗಲಿಗೆ ಹೆಗಲು ಕೊಟ್ಟು ಬುಟ್ಟಿ ಕಾಯುತ್ತಿದ್ದರು. ಆಗ ಥಟ್ಟನೆ ಹೊಳೆಯಿತು. ಮೆಲ್ಲಗೆ ಅವನ ಕಿವಿಯಲ್ಲಿ, "ದೊಡ್ಡಮಾದ, ಮೂರು ಜನ ಹೊರಡಬಾರ್ದು, ನಿಜ. ಆದ್ರೆ ಹಿಂಗೆ ನಾಲ್ಕು ಜನ ಹೆಗಲು ಕೊಟ್ಟು ನಿಂತ್ಕೊಳೋದು ಯಾವ ಕೆಲ್ಸಕ್ಕೆ ಅಂತ ಯೋಚ್ನೆ ಮಾಡಿದ್ಯಾ?" ಎಂದೆ.

ಅವನು ಯೋಚನೆ ಮಾಡಿದ. ಮುಂದೆ ನಿಂತ ಮೂವರನ್ನು ನೋಡಿದ, ತನ್ನ ಹೆಗಲನ್ನು ನೋಡಿಕೊಂಡ. ನಾಲ್ಕು ಜನ ಹೊತ್ತುಕೊಂಡು ಹೋಗುವುದು ಏನನ್ನು ಎಂಬುದು ಹೊಳೆದದ್ದೇ, "ಥೂ ಥೂ! ಬಿಡ್ತು ಅನ್ನಿ ಸಾ!" ಎಂದು ಚೀರಿ ಗೆರೆ ದಾಟಿ ಹೊರಗೆ ನಡೆದೇಬಿಟ್ಟ.

"ಎಲ್ಲಿಗ್ಲಾ ಓಯ್ತಿದ್ದೀಯಾ? ನಿಂತ್ಕಳ್ಲಾ!" ಎಂದು ಮಾದೇವ ಕೂಗಿದ.

"ನೀವ್ ಬೇಕಾರೆ ನಿಂತ್ಕಳಿ ಸಾ, ನಂಗೆ ಎಂಡ್ರು ಮಕ್ಳವ್ರೆ!"

ಅವನ ಹಿಂದೆಯೇ ನಾನೂ ಹೊರಗೆ ಬಂದೆ. ಸಿದ್ದರಾಜು ಗಾಬರಿಯಿಂದ, "ಈಗ ನಮ್ಮೋರು ಮೂರೇ ಜನ ಆದ್ರಲ್ರೀ" ಎನ್ನುತ್ತಾ ಬೇಲಿಯ ಬುಡದಿಂದ ಒಂದು ಗುಂಡುಕಲ್ಲು ಆರಿಸಿ, ಬುಟ್ಟಿಯ ಕಂಬದ ಪಕ್ಕ ಇಟ್ಟು, ಕೈ ಒರೆಸಿಕೊಂಡರು. ಜೊತೆಗೊಂದು ಕಲ್ಲಿದ್ದರೆ ನಾಲ್ಕನೆಯ ಆಳು ಇದ್ದ ಲೆಕ್ಕವಂತೆ. "ಕಲ್ಲು ಸಾಕಿತ್ತು ಅಂತ ಮೊದ್ಲೇ ಹೇಳ್ಬಾರ್ದಿತ್ತಾ ಸಾರ್?" ಎಂದೆ. "ಕಲ್ಲಿಗೆ ಜೆರ್ಸಿ ಹಾಕೋಕಾಗುತ್ತಾ? ನೀವಿದ್ರಲ್ಲ ಅಂತ ಸುಮ್ನಿದ್ದೆ" ಎಂದರು. ನಾನು ಮಾಡಬೇಕಾಗಿದ್ದ ಕೆಲಸವನ್ನು ಆ ಕಲ್ಲು ಇಟ್ಟ ಜಾಗದಲ್ಲೇ ಕೂತು ಅಚ್ಚುಕಟ್ಟಾಗಿ ಮಾಡಿತು.

ಜಾಗ ಸಿಕ್ಕ ಮೇಲೆ ಸವಿತ ಆಡಿದಳು ನೋಡಿ. ಮಾದೇವನನ್ನು ಒಂದು ಕಡೆ ಕಳಿಸಿ ತಾನು ಇನ್ನೊಂದು ಕಡೆಯಿಂದ ನುಗ್ಗಿದಳು, ಗೆರೆಯಾಚೆ ನಿಂತು ಎಸೆದಳು, ಬಲೆ ಸರಕ್ ಸರಕ್ ಎನ್ನುತ್ತಲೇ ಇತ್ತು. ಆದರೂ ನನ್ನ ಓಡಾಟದಲ್ಲಿ ಪೋಲಾದ ನಿಮಿಷಗಳು ವಾಪಸ್ ಬರಲಿಲ್ಲ. ಒಂದೇ ಅಂಕದಿಂದ ನಂಜನಗೂಡು ಸೋತಿತು. ಮಾದೇವ ಕುಣಿದ. ಮುಂದಿನ ಭಾನುವಾರಗಳೆಲ್ಲ ಹೇಗಿರುತ್ತವೆ ಎಂದು ನನಗೆ ಅಲ್ಲೇ ತಿಳಿಯಿತು.

ಸವಿತ ಬೆವರು ಒರೆಸಿಕೊಳ್ಳುತ್ತಾ ಅತ್ತೆಯ ಮುಂದೆ ಹೋಗಿ ನಿಂತಳು. ನನ್ನದೇ ತಪ್ಪು, ಹುಡುಗಿಯದ್ದಲ್ಲ ಎಂದು ಹೇಳಿಬಿಡೋಣವೆಂದು ನಾನೂ ಹಿಂದೆಯೇ ಹೋದೆ. ನನಗೆ ಬಾಯಿ ತೆರೆಯಲು ಬಿಡದೆ ಆಕೆ ನನ್ನನ್ನು ತಲೆಯಿಂದ ಕಾಲಿನವರೆಗೆ, ಮುಖ್ಯವಾಗಿ ಹೊಟ್ಟೆಯ ಮೇಲೆ ಜೆರ್ಸಿ ಬಿಗಿದಿದ್ದ ಜಾಗವನ್ನು, ನಿಧಾನವಾಗಿ ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿದರು.

"ನಾನು ಇದೇನೋ ಗಂಡುಡುಗ್ರು ಆಟ, ಜನ ಏನಂದಾರೋ ಅಂತ ಎದುರ್ಕಂಡಿದ್ದೆ ಕಣವ್ವ. ಅಲ್ಲಾ, ಈವಯ್ಯನೇ ನಾಚ್ಕೆ ಬುಟ್ಟು ಅಷ್ಟು ಜನುದ್ ಮುಂದೆ ಕುಣುದ್ಮೇಲೆ, ನೀ ಆಡುದ್ರೇನವ್ವಾ ತಪ್ಪು? ಅದ್ಯಾವ್ದೋ ಜಿಲ್ಲೆದು ಅಂದ್ಯಲ್ಲ, ಓಗು."

ಸವಿತ ಅತ್ತು ನಕ್ಕಳು. ನನಗೂ ಕಣ್ಣು ಒದ್ದೆಯಾಯಿತು, ಅದಕ್ಕೆ ಕಾರಣ ಎರಡಿತ್ತು. ಈಗ ಅವಳ ಶೂ ಕಚೇರಿಯ ಬೀರುವಿನ ಕೆಳಗೇ ಇರುತ್ತದೆ, ಸಂಜೆ ಐದೂವರೆಗೆ ಕಾಲಿಗೆ ಏರುತ್ತದೆ. ಸಿದ್ದರಾಜು ಬರುವ ವರ್ಷದ ನಿಯಮಗಳ ಕರಡನ್ನು ಮತ್ತೆ ನನಗೇ ವಹಿಸಿದ್ದಾರೆ. ಮೊದಲ ಸಾಲನ್ನು ಮಾತ್ರ ಸವಿತ ತಾನೇ ಹೇಳಿ ಬರೆಸಿದಳು: 'ನಿಯಮ ಬರೆದವರು ಪಂದ್ಯ ಮುಗಿಯುವವರೆಗೆ ಕುರ್ಚಿಯಲ್ಲಿ ಕೂತಿರತಕ್ಕದ್ದು.' ಬರೆದುಕೊಟ್ಟೆ, ನಿಂತುಕೊಂಡೇ. ಜಯಳಿಗೆ ಅದನ್ನು ಓದಿ ಹೇಳಿದೆ. ನನ್ನ ಜೆರ್ಸಿಯಿಂದ ನೆಲ ಒರೆಸುತ್ತಿದ್ದವಳು ತಲೆಯೆತ್ತಿ, "ಪಂದ್ಯ ಯಾಕ್ರೀ, ಮನೆಗೂ ಒಂದು ಪ್ರತಿ ಅಂಟಿಸಿ" ಎಂದಳು. ಅಂಟು ತರಲು ಅಂಗಡಿಗೆ ಹೊರಟೆ. ಹೇಗೂ ಎದ್ದೇ ಇದ್ದೆನಲ್ಲ.