ಕುರ್ಚಿ ಮ್ಯಾಲಿನ ವಿಮಾನ

ಗುರುದೇವಿಯನ್ನು ನಾನು ಮೊದಲು ನೋಡಿದ ದಿನ ಅವಳು ನಮ್ಮ ಕಟ್ಟಿ ಮೇಲೆ, ನನ್ನ ಕುರ್ಚಿಯೊಳಗೆ ಕಣ್ಣು ಮುಚ್ಚಿ ಕೂತಿದ್ದಳು. ನಾರಾಯಣಪುರದ ಕ್ವಾರ್ಟರ್ಸ್ ಬಿಟ್ಟು ಅವರು ಆಗಷ್ಟೇ ಶಹಾಪುರಕ್ಕೆ, ನಮ್ಮ ಮಗ್ಗುಲ ಮನೆಗೆ ಬಂದಿದ್ದರು. ಕೆಳಗೆ ನಿಂತು ಅವಳ ಅವ್ವ ನಾಗರತ್ನಾ ಒದರುತ್ತಿದ್ದಳು.

ನಾಗರತ್ನಾ: ಏಳ್ತೀಯೋ ಇಲ್ಲೋ? ಮಂದಿ ನೋಡಿದ್ರ ಮೈಮ್ಯಾಗ ದೇವರು ಬಂದದ ಅಂತಾರ!

ಗುರುದೇವಿ: ಮಾತಾಡಸಬ್ಯಾಡವ್ವಾ, ಇಳಿಯಾಕತ್ತೇನಿ.

ನಾನು: ಹುಷಾರ್ಲೆ ಇಳಿಯವ್ವ. ಆ ಕುರ್ಚಿದು ಒಂದು ಕಾಲು ಕುಂಟದ.

ಗುರುದೇವಿ: ಕುರ್ಚಿ ಅಲ್ಲ ಆಯಿ, ವಿಮಾನ.

ನಾನು: ಹಂಗಾದ್ರ ಇನ್ನಾ ಹುಷಾರ್ಲೆ ಇಳಿ.

ಹುಡುಗಿ ವಿಮಾನ ಹಾರಿಸಲು ಕಲಿಸುವ ಸಾಲಿಯಲ್ಲಿದ್ದಾಳೆ. ಪರೀಕ್ಷೆ ಒಮ್ಮೆ ಹೋಗಿದೆ, ಸೋಮವಾರ ಮತ್ತೆ ಇದೆ. ಅದೂ ಹೋದರೆ ಸಾಲಿಯಿಂದ ಮನೆಗೇ ಕಳಿಸುತ್ತಾರೆ.

ನಾನು: ಹೆಂಗ ನಪಾಸಾದಿ? ವಿಮಾನ ಕೆಡವಿದೇನು?

ಗುರುದೇವಿ: ಇಲ್ರಿ, ಇಳಿಸಿದೆ.

ನಾನು: ಇಳಿಸಿದವರನ್ನ ನಪಾಸ್ ಮಾಡ್ತಾರೇನು?

ಗುರುದೇವಿ: ಭಾಳ ಜೋರ ಬಂದಿದ್ದೆ, ಗಾಳಿ ಬ್ಯಾರೆ ಅಡ್ಡ ಇತ್ತು. ಅಂಥಾದ್ರಾಗ ಇಳಿಸಬಾರದ್ರಿ. ಮ್ಯಾಲ ಏರಿ, ಒಂದು ಸುತ್ತು ಹೊಡದು, ಹೊಸದಾಗಿ ಬರಬೇಕು. ನನಗ ಹಿಂದಕ್ಕ ಹೊಳ್ಳಾಕ ಕೈನಾ ಏಳಲಿಲ್ಲ.

ನಾಗರತ್ನಾ: ಹೆಂಗ ಏಳ್ತದ? ಹೊಂಟ ಹಾದ್ಯಾಗ ಹೊಳ್ಳಬಾರದಂತ ಸಣ್ಣಾಕಿ ಇದ್ದಾಗಿಂದ ನಾನಾ ಹೇಳೀನಿ. ಹೊಳ್ಳಿದ್ರ ಕೂತು, ನೀರು ಕುಡದು ಹೋಗಬೇಕು.

ಗುರುದೇವಿ: ಆಕಾಶದಾಗ ಎಲ್ಲಿ ಕೂಡ್ಲೆವ್ವಾ?

ನಾನು: ಕೂತಾ ಇರ್ತಾಳಲ್ಲ ನಾಗರತ್ನಾ. ನೀರಿನ ಬಾಟ್ಲಿ ಕೊಟ್ಟು ಕಳಸು.

ಅಂದಿನಿಂದ ನನಗೊಂದು ಕೆಲಸ ಹತ್ತಿತು. ಅವಳು ಕಣ್ಣು ಮುಚ್ಚಿ ಇಳಿಯುವಾಗ ನಾನು ಮನಸ್ಸಿಗೆ ಬಂದಾಗ “ಗಾಳಿ” ಅನ್ನಬೇಕು. ಅಂದ ಕೂಡಲೇ ಅವಳು ಏರಬೇಕು.

ನಾನು: ಗಾಳಿ.

ಗುರುದೇವಿ: ಆಯೀ, ಇನ್ನೇನು ನೆಲಕ್ಕ ಹತ್ತತಿತ್ತಲ್ರಿ! ಇಷ್ಟು ಬಂದೀನಿ, ಇಳಿಸೇ ಬಿಡ್ತೀನಿ.

ನಾನು: ಇಳಿಸವ್ವ. ನಪಾಸ್.

ನಾಗರತ್ನಾ: ಎಷ್ಟ ಸಲ ಏರಸ್ತೀರಿ ಕೂಸಿನ್ನ? ಎಣ್ಣಿ ತೀರಂಗಿಲ್ಲೇನು?

ನಾನು: ಕುರ್ಚಿಗಿ ಎಲ್ಲೀ ಎಣ್ಣಿ?

ಕುರ್ಚಿಯಲ್ಲಿ ಅವಳು ಕಡೆತನಕ ಸರಿಯಾಗಿ ಏರಲೇ ಇಲ್ಲ. ಪ್ರತಿ ಸಲ ಕೈ ನಡುವೆಯೇ ನಿಲ್ಲುತ್ತಿತ್ತು. ಅವಳು ಹೊರಡುವ ಹಿಂದಿನ ದಿನ ನಾಗರತ್ನಾ ಬಂದು ನಿಂತಳು.

ನಾಗರತ್ನಾ: ಶಿವಬಸಮ್ಮಾರ, ತಪ್ಪು ತಿಳೀಬ್ಯಾಡ್ರಿ. ನಾಳೆ ಕೂಸು ಹೊಂಡೂ ಹೊತ್ತಿಗಿ ನೀವು ಜರಾ ಒಳಗ ಇರ್ರಿ. ಕುಂಕುಮ ಇಲ್ಲದವರು ಎದುರಿಗೆ ಬಂದ್ರ ಆಕಿನ್ನ ಹೊಳ್ಳಿ ಕರೀಬೇಕಾಗ್ತದ.

ನಾನು: ಆತವ್ವ. ಒಳಗ ರೊಟ್ಟಿ ಬಡೀತೀನಿ.

ಅವಳು ಹೋದ ಮೇಲೆ ಮಗಳು ಬಂದಳು.

ಗುರುದೇವಿ: ಆಯಿ, ನಾಳೆ ನಾ ಹೊಂಟಾಗ ಎದುರಿಗೆ ಬರ್ರಿ.

ನಾನು: ನಿಮ್ಮವ್ವ ಈಗಷ್ಟಾ ಬ್ಯಾಡಂದು ಹೋದಳು. ನಿನ್ನ ಹೊಳ್ಳಿ ಕರೀಬೇಕಾಗ್ತದಂತ.

ಗುರುದೇವಿ: ಅದಕ್ಕಾ ಕರ್ಯಾಕತ್ತೇನ್ರಿ. ಅವ್ವನ ಕೈಲೇ ಒಮ್ಮೆ ಹೊಳ್ಳಸಿಕೊಂಡು, ಮತ್ತ ಹೋಗಿ ಬಸ್ಸು ಹತ್ತಿದ್ನೆಂದ್ರ ಹೊಳ್ಳೂ ಅಂಜಿಕಿ ಹೋಗ್ತದ.

ನಾನು: ಸಣ್ಣಾಕಿ ಇದ್ದಾಗಿನ ಅಂಜಿಕಿ ಒಂದಾ ಸಲಕ್ಕ ಹೋಗ್ತದೇನವ್ವ?

ಗುರುದೇವಿ ಬಸ್ಸಿನ ಹೊತ್ತು ಲೆಕ್ಕ ಹಾಕಿದಳು.

ಗುರುದೇವಿ: ಹಂಗಾದ್ರ ಎರಡು ಸಲ ಬರ್ತೀರೇನ್ರಿ?