ಕಳ್ಳನಿಗೆ ಬರೆದದ್ದು

ಯಾದಗಿರಿಯ ಆಫೀಸಿನಲ್ಲಿ ಕೂತೇ ರಂಗಂಪೇಟೆಯ ಮನೆಯ ಎರಡೂ ಕಂಪ್ಯೂಟರುಗಳನ್ನು ಆಳಬೇಕೆಂಬ ಚಕ್ರವರ್ತಿಯ ಆಸೆ ನನಗೆ ಹುಟ್ಟಿದ್ದು ಕೆಟ್ಟ ಗಳಿಗೆಯಲ್ಲಿ. ಆಗಷ್ಟೇ ಮಾವ ತೀರಿಹೋಗಿದ್ದರು. ಅತ್ತೆ ಅಯ್ಯಮ್ಮ ಕಕ್ಕೇರಾದಿಂದ ಬಂದು ಮಗಳ ಹತ್ತಿರ ಇದ್ದರು. ಮನೆಯಲ್ಲಿ ಟಿವಿಗೂ ಮೌನವ್ರತ. (ನನ್ನ ಮುಖ ಮೊದಲಿನಿಂದಲೂ ಸೂತಕದ್ದೇ, ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ.)

ರೂಟರಿಗೆ ಪೋರ್ಟ್ ಫಾರ್ವರ್ಡಿಂಗ್ ಎಂಬ ಮಹಾಮಂತ್ರ ಉಪದೇಶಿಸಿದೆ: ಹೊರಗಿನಿಂದ ಈ ನಂಬರ್ ಹಿಡಿದು ಬಂದರೆ ನನ್ನ ಕಂಪ್ಯೂಟರಿಗೆ ಕಳಿಸು, ಆ ನಂಬರ್ ಹಿಡಿದು ಬಂದರೆ ಹೆಂಡತಿ ಸವಿತಾಳ ಕಂಪ್ಯೂಟರಿಗೆ.

"ಎದುರಿಗಿದ್ದಾಗ ಮನಿ ಕಡಿ ನೋಡಂಗಿಲ್ಲ, ದೂರ ಹೋಗಿ ಏನ್ ನೋಡ್ತೀರಿ?" ಎಂದಳು ಸವಿತಾ.

ಮರುದಿನ ಯಾದಗಿರಿಯಿಂದ ನನ್ನ ಕಂಪ್ಯೂಟರ್ ತೆರೆದೆ. ಪರದೆಯ ಮೇಲೆ ಮೌಸಿನ ಬಾಣ ತಾನಾಗಿಯೇ ಓಡಾಡುತ್ತಿತ್ತು! ಯಾರೋ ಫೋಲ್ಡರುಗಳನ್ನು ತೆರೆದು ತೆರೆದು ಮುಚ್ಚುತ್ತಿದ್ದರು. ಕಳ್ಳ! ನಾನು ಎಡಕ್ಕೆ ಎಳೆದರೆ ಅವನು ಬಲಕ್ಕೆ ಎಳೆದ. ಸಿಟ್ಟು ನೆತ್ತಿಗೇರಿತು. ಹೊಸ ಪುಟ ತೆರೆದು ದಪ್ಪಕ್ಷರದಲ್ಲಿ ಟೈಪಿಸಿದೆ: "ನನ್ನ ಮನಿಯಾಗ ನಿನಗೇನ್ ಕೆಲಸ? ಮೊದಲ ಹೊರಗ ನಡಿ!"

ಬಾಣ ಗಕ್ಕನೆ ನಿಂತಿತು. ಗೆದ್ದ ಖುಷಿಗೆ ಚಹಾ ಹೇಳಿದೆ. ಚಹಾ ಬರುವ ಮೊದಲೇ ಸವಿತಾಳ ಫೋನ್ ಬಂತು.

"ನಮ್ಮವ್ವ ಬಟ್ಟಿಗಂಟು ಕಟ್ಟಾಕತ್ಯಾಳ. ಇದನ್ನ ಎದುರಿಗೆ ಹೇಳಾಕ ಧೈರ್ಯ ಇರಲಿಲ್ಲೇನು?"

ಆದದ್ದಿಷ್ಟು. ಬೆಳಿಗ್ಗೆ ಕರೆಂಟು ಹೋಗಿ ಬಂದಾಗ ರೂಟರ್ ತಾನು ಎರಡೂ ಕಂಪ್ಯೂಟರುಗಳಿಗೆ ಕೊಟ್ಟಿದ್ದ ವಿಳಾಸವನ್ನು ಅದಲುಬದಲು ಮಾಡಿತ್ತು. ವಿಳಾಸ ಕಾಯಂ ಮಾಡುವುದನ್ನು ಚಕ್ರವರ್ತಿಗಳು ಮರೆತಿದ್ದರು. ಎರಡಕ್ಕೂ ಒಂದೇ ಪಾಸ್‌ವರ್ಡ್, ಪರದೆಯ ಮೇಲೂ ಒಂದೇ ಹನುಮಪ್ಪನ ಚಿತ್ರ. ಹೀಗಾಗಿ ನಾನು ಹೊಕ್ಕಿದ್ದು ಸವಿತಾಳ ಕಂಪ್ಯೂಟರಿಗೆ. ಅಲ್ಲಿ ತಾಯಿ ಮಗಳು ಕೂಡಿ, ಗೋಡೆಗೆ ಹಾಕಲು ಮಾವನ ಒಂದು ಒಳ್ಳೆಯ ಫೋಟೊ ಹುಡುಕುತ್ತಿದ್ದರು.

ಸಿಕ್ಕ ಬಸ್ಸಿಗೆ ಓಡಿಬಂದೆ. ಅತ್ತೆ ಗಂಟು ಹಿಡಿದು ಕಟ್ಟೆಯ ಮೇಲೆ ಕೂತಿದ್ದರು.

"ಅತ್ತಿ, ಅದು ನಿಮಗಲ್ರಿ! ಕಳ್ಳಗ ಬರದದ್ದು!"

"ಕಳ್ಳ ಎಲ್ಲಿದ್ದ?" ಎಂದಳು ಸವಿತಾ.

"ಕಳ್ಳ ಇರಲಿಲ್ಲ. ನಿಮ್ಮನ್ನೇ ಕಳ್ಳರು ಅಂತ..."

ಮೊಬೈಲಿನಿಂದ ಮಾಡಿ ತೋರಿಸುತ್ತೇನೆಂದು ಇಬ್ಬರನ್ನೂ ಕರೆದು ಸವಿತಾಳ ಕಂಪ್ಯೂಟರಿನ ಮುಂದೆ ಕೂರಿಸಿದೆ. ಬೆಳಗಿನ ನಂಬರನ್ನೇ ಒತ್ತಿದೆ. ಆದರೆ ನಾನು ಮನೆ ಮುಟ್ಟುವಷ್ಟರಲ್ಲಿ ಕರೆಂಟು ಇನ್ನೊಮ್ಮೆ ಹೋಗಿ ಬಂದು, ವಿಳಾಸಗಳು ತಮ್ಮ ತಮ್ಮ ಜಾಗದಲ್ಲಿ ಸಭ್ಯವಾಗಿ ಕೂತಿದ್ದವು. ಸವಿತಾಳ ಪರದೆಯಲ್ಲಿ ಬಾಣ ಕದಲಲೇ ಇಲ್ಲ. ಅತ್ತೆ ಕಣ್ಣೊರೆಸಿಕೊಂಡು ಎದ್ದರು. ಸವಿತಾಳೂ ಅವರೊಂದಿಗೇ ಹೋದಳು.

ಸಂಜೆ ಕಕ್ಕೇರಾಕ್ಕೆ ಫೋನ್ ಮಾಡಿದೆ. ಅತ್ತೆಯೇ ಎತ್ತಿದರು.

"ಅತ್ತಿ, ನಾನ್ರಿ, ತಿರುಪತಿ. ತಪ್ಪಾತು. ಇಬ್ರೂ ವಾಪಸ್ ಬರ್ರಿ."

"ಖರೇ ನೀವೇ ಮಾತಾಡಾಕತ್ತೀರೇನ್ರಿ," ಎಂದರು ಅತ್ತೆ, "ಇಲ್ಲಾ ಆ ಕಳ್ಳನೋ?"